ಕಂಬಳಿಯ ಕೆಳಗಿನ ತಗಡು

ಆ ಗಾಡಿಯನ್ನು ಕೊನೆಯ ಸಲ ನನ್ನ ಶೆಡ್ಡಿಗೆ ತಂದಾಗ ಯಜಮಾನರು ಹೇಳಿದ ದೂರು ಬಹಳ ಸಣ್ಣದು.

"ಎಡಗಡೆ ಚಕ್ರ ಹಳ್ಳಕ್ಕೆ ಇಳಿದ್ರೆ ಏನೋ ಕುಯ್ ಅಂತೈತೆ ಮೇಸ್ತ್ರಿ. ಎಣ್ಣೆ ಕೇಳ್ತೈತೋ ಏನೋ ನೋಡ್ರಿ. ಆರ್‌ಸಿ ನವೀಕರಣಕ್ಕೆ ಬೇರೆ ತಗಂಡು ಹೋಗ್ಬೇಕು. ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಕುಯ್ ಅಂದ್ರೆ ಮರ್ಯಾದೆ ಅಲ್ಲ."

ನನ್ನ ಶೆಡ್ಡು ಹಿರಿಯೂರಿನಲ್ಲಿ, ಹುಳಿಯಾರು ರಸ್ತೆಯ ಪಕ್ಕದಲ್ಲಿದೆ. ಟಿಂಕರಿಂಗ್ ನನ್ನ ಕಸುಬು. ನೆಗ್ಗಿದ ತಗಡನ್ನು ತಟ್ಟಿ ಸರಿಮಾಡುವುದು, ತುಕ್ಕು ತಿಂದಿದ್ದನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆಯುವುದು. ಈ ಕೆಲಸದಲ್ಲಿ ಮನುಷ್ಯ ಬಾಯಿಬಡುಕನಾಗುತ್ತಾನೆ, ಯಾಕೆಂದರೆ ಸುತ್ತಿಗೆಯ ಸದ್ದಿನ ಮೇಲೆ ಮಾತಾಡಬೇಕು. ನಾನೂ ಹಾಗೆಯೇ. ಗಿರಾಕಿಗಳನ್ನು ಬೈದೇ ಕೆಲಸ ಮಾಡುವವನು ಎಂಬ ಹೆಸರಿದೆ. ಆದರೆ ಯಲ್ಲದಕೆರೆಯ ಈ ಯಜಮಾನರನ್ನು ನಾನು ಬೈದದ್ದಿಲ್ಲ. ಬೈಯಲು ಅವರ ಗಾಡಿ ಅವಕಾಶ ಕೊಟ್ಟಿರಲಿಲ್ಲ.

ಅವರದು ಕುರಿ ಸಾಕುವ ಮನೆತನ. ದೊಡ್ಡ ಮನೆ, ತಮ್ಮಂದಿರು, ಮಕ್ಕಳು, ಮೊಮ್ಮಕ್ಕಳು, ಹಟ್ಟಿಯ ತುಂಬ ಕುರಿ. ವಯಸ್ಸಿನಲ್ಲಿದ್ದಾಗ ಆಸೆಪಟ್ಟು ಹೊಸದಾಗಿ ಕೊಂಡ ಬಿಳಿ ಡೀಸೆಲ್ ಅಂಬಾಸಡರ್ ಅದು. ಆಮೇಲೆ ಮನೆಗೆ ಎಷ್ಟೋ ಬೈಕು, ಮಗನ ಗೂಡ್ಸ್ ಗಾಡಿ ಎಲ್ಲ ಬಂದವು. ಯಜಮಾನರು ಮಾತ್ರ ಇನ್ನೊಂದರ ಸ್ಟೀರಿಂಗ್ ಮುಟ್ಟಲಿಲ್ಲ.

ಚೆನ್ನಾಗಿ ಕಟ್ಟಿದ ಗಾಡಿ ಹಳತಾಗುತ್ತಾ ಕೊಡುವ ಸುಖವೇ ಬೇರೆ. ಮೂರು ವರ್ಷಕ್ಕೊಮ್ಮೆ ಗಾಡಿ ಬದಲಿಸುವವರಿಗೆ ಅದು ಗೊತ್ತಾಗುವುದಿಲ್ಲ. ಈ ಗಾಡಿಯ ಸ್ಟೀರಿಂಗ್ ಚಕ್ರದ ಒಳಬದಿಯ ಗೆರೆಗಳು ಅವರ ಬೆರಳು ಕೂರುವ ಕಡೆ ಸವೆದು ನಯವಾಗಿದ್ದವು. ಸ್ಟೀರಿಂಗ್ ಪಕ್ಕದ ಗೇರನ್ನು ಅವರು ಕಿರುಬೆರಳಲ್ಲಿ ಹಾಕುತ್ತಿದ್ದರು. ನಾನು ಹಾಕಿದರೆ ಅದು ಗುರ್ರೆನ್ನುತ್ತಿತ್ತು. "ಹೊಸಬರ ಕೈಗೆ ಹಾಲು ಕೊಡಲ್ಲ ಇದು" ಎಂದು ನಗುತ್ತಿದ್ದರು. ಬಾಗಿಲಿನ ಮೂಲೆಯ ಪುಟ್ಟ ಗಾಜನ್ನು ತಿರುಗಿಸಿದರೆ ಗಾಳಿ ನೇರವಾಗಿ ಮೊಣಕೈಗೆ ಬಂದು ಬೀಳುತ್ತಿತ್ತು. ಅದನ್ನು ಎಷ್ಟು ತಿರುಗಿಸಿದರೆ ಗಾಳಿ ಕತ್ತಿಗೆ ಬರುತ್ತದೆ, ಎಷ್ಟಕ್ಕೆ ಹಿಂದಿನ ಸೀಟಿನವರಿಗೆ ಹೋಗುತ್ತದೆ ಎಂಬುದನ್ನೆಲ್ಲ ಅವರು ಪ್ರಯೋಗ ಮಾಡಿ ಕಂಡುಕೊಂಡಿದ್ದರು. ಕೆಲಸ ಮುಗಿದ ಮೇಲೆ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು, ನನ್ನನ್ನು ಪಕ್ಕಕ್ಕೆ ಕರೆದು, "ಕೇಳ್ರಿ" ಎನ್ನುತ್ತಿದ್ದರು. ಇಬ್ಬರೂ ನಿಂತು ಕೇಳುತ್ತಿದ್ದೆವು.

ಬಾಗಿಲಿನ ಬಗ್ಗೆ ಹೇಳಲೇಬೇಕು. ಒಂದು ಬೆರಳಿನಿಂದ ಎಳೆದರೆ ಸಾಕು, ಧಪ್ ಎಂದು ಕೂರುತ್ತಿತ್ತು. ಒಂದು ಸಲ ಶೆಡ್ಡಿಗೆ ಬಂದಿದ್ದ ಹೊಸ ಕಾರಿನ ಬಂಪರನ್ನು ಯಜಮಾನರು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ಇದನ್ನ ಪ್ಲಾಸ್ಟಿಕ್ ಕೊಡ ಮಾಡೋರು ಮಾಡಿದ್ದೇನ್ರಿ?" ಎಂದು ಕೇಳಿದರು. ಕಾರಿನ ಮಾಲೀಕನ ಮುಖ ಸಪ್ಪಗಾಯಿತು. ನನಗೆ ಒಳಗೊಳಗೇ ಖುಷಿ.

ಆ ಗಾಡಿಗೆ ಹತ್ತುವುದಕ್ಕೊಂದು ಕ್ರಮವಿತ್ತು. ಬೇರೆಲ್ಲೂ ನಾನದನ್ನು ಕಂಡಿಲ್ಲ. ಗಾಡಿ ಮನೆಗೆ ಬಂದ ದಿನ ಪೂಜೆಗೆಂದು ಒಳಗೆಲ್ಲ ಕರಿ ಕಂಬಳಿ ಹಾಸಿದ್ದರಂತೆ. ಮನೆಯ ಕುರಿಯ ಉಣ್ಣೆ, ಮನೆಯ ಹೆಂಗಸರೇ ತೆಗೆದ ನೂಲು. ಅವರಿಗೆ ಕಂಬಳಿಯೆಂದರೆ ದೇವರು ಕೂರುವ ಗದ್ದಿಗೆ. ಹಾಸಿದ ಗದ್ದಿಗೆಯನ್ನು ಎತ್ತುವುದು ಯಾಕೆ ಎಂದು ಹಾಗೇ ಬಿಟ್ಟರು. ಕಂಬಳಿ ಇದ್ದ ಮೇಲೆ ಚಪ್ಪಲಿಯಲ್ಲಿ ತುಳಿಯುವಂತಿಲ್ಲ, ಧೂಳು ಕಾಲಲ್ಲೂ ತುಳಿಯುವಂತಿಲ್ಲ. ಚಪ್ಪಲಿ ಡಿಕ್ಕಿಗೆ. ಡಿಕ್ಕಿಯಲ್ಲೇ ಒಂದು ನೀರಿನ ಕ್ಯಾನು, ಒಂದು ಚೊಂಬು. ಎಲ್ಲಿಗೇ ಹೊರಡಲಿ, ಹೊರಕೆರೆದೇವಪುರದ ದೇವರಿಗೋ, ಹೊಸದುರ್ಗದ ನೆಂಟರ ಮನೆಗೋ, ಎಲ್ಲರೂ ಕಾಲು ತೊಳೆದುಕೊಂಡೇ ಹತ್ತಬೇಕು. ಟ್ರಯಲ್ ನೋಡಲು ಹೋಗುವಾಗ ನಾನೂ ನಲ್ಲಿಯಲ್ಲಿ ಕಾಲು ತೊಳೆದು ಹತ್ತುತ್ತಿದ್ದೆ. ದೇವಸ್ಥಾನಕ್ಕೂ ಇಷ್ಟು ಸಲ ಕಾಲು ತೊಳೆದು ಹೋಗಿಲ್ಲ ಎಂದು ತಮಾಷೆ ಮಾಡುತ್ತಿದ್ದೆ.

ಈ ಕ್ರಮದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ಯಜಮಾನರ ಹೆಂಡತಿ. ಮುಂದಿನ ಎಡಗಡೆಯ ಜಾಗ ಅವರದು. ಬೀಗರೇ ಬರಲಿ, ಊರ ಗೌಡರೇ ಬರಲಿ, "ಕಾಲು ತೊಳ್ಕಳ್ರಿ, ಆಮೇಲೆ ಕುಂತ್ಕಳ್ರಿ" ಎಂದು ಚೊಂಬು ಹಿಡಿದು ನಿಲ್ಲುತ್ತಿದ್ದರು. ನನ್ನ ಶೆಡ್ಡಿಗೆ ಬಂದಾಗ ಬಾಗಿಲಿನ ಮೇಲೆ ಮೊಣಕೈ ಇಟ್ಟು, "ಏನಪ್ಪ, ನಮ್ಮ ಗಾಡಿ ಹೊಟ್ಟೆ ಬಗಿದಿದ್ದು ಸಾಕು, ಬಿಡು ಹೋಗಾಣ" ಎಂದು ಅವಸರ ಮಾಡುತ್ತಿದ್ದರು. ಅವರು ತೀರಿಕೊಂಡು ಒಂದು ವರ್ಷವಾಗುತ್ತ ಬಂದಿತ್ತು. ಆಮೇಲೆ ಯಜಮಾನರು ಒಬ್ಬರೇ ಬರುತ್ತಿದ್ದರು. ಯಾವ ಕೆಲಸವೂ ಇಲ್ಲದೆ ಬಂದು ಚಕ್ರದ ಗಾಳಿ ನೋಡಿಸಿಕೊಂಡು ಹೋಗುತ್ತಿದ್ದರು.

ಕುಯ್ ಎನ್ನುವ ಸದ್ದಿಗೆ ರಬ್ಬರ್ ಬುಷ್ ಸವೆದಿರಬೇಕು ಎಂದುಕೊಂಡು ಎಡಬದಿಗೆ ಜಾಕ್ ಕೊಟ್ಟೆ. ಬಾಗಿಲ ಕೆಳಗಿನ ಹೊಸ್ತಿಲಿನಂಥ ಭಾಗವಿದೆಯಲ್ಲ, ಅಲ್ಲಿ. ಎರಡು ಸಲ ಒತ್ತಿದ್ದೆನೋ ಇಲ್ಲವೋ, ಗಾಡಿ ಮೇಲೇಳಲಿಲ್ಲ. ಜಾಕಿನ ತಲೆ ಹಪ್ಪಳ ಮುರಿದ ಹಾಗೆ ಸದ್ದು ಮಾಡಿ ಒಳಗೆ ಹೋಯಿತು. ಮೇಲೆ ಮಿರಿಮಿರಿ ಬಣ್ಣ, ಅಡಿಯಲ್ಲಿ ತುಕ್ಕು ಹಿಡಿಯದಿರಲೆಂದು ದಪ್ಪಗೆ ಬಳಿದ ಕರೀ ಟಾರು. ಅಡಿಯಿಂದ ನೋಡಿದಾಗೆಲ್ಲ ನನಗೆ ಕಾಣುತ್ತಿದ್ದುದು ಆ ಟಾರು ಮಾತ್ರ. ಒಳಗಿನ ಕಂಬಳಿಯನ್ನು ಗ್ರೀಸ್ ಕೈಯಲ್ಲಿ ನಾನು ಎಂದೂ ಮುಟ್ಟಿರಲಿಲ್ಲ.

"ಯಜಮಾನ್ರೇ, ಕಂಬಳಿ ತೆಗೀಬೇಕಲ್ಲ" ಎಂದೆ.

ಅವರು ಕೈ ತೊಳೆದುಕೊಂಡು ಬಂದು, ತಾವೇ ಒಳಗೆ ಬಾಗಿ ಎಳೆದರು. ಕಂಬಳಿ ಭಾರವಾಗಿ ಬಂತು. ಮೇಲ್ಮೈ ಕಪ್ಪಗೆ, ಒಪ್ಪವಾಗಿ ಇದ್ದದ್ದು ಕೆಳಗೆಲ್ಲ ಕಂದು ಬಣ್ಣಕ್ಕೆ ತಿರುಗಿ ಅಟ್ಟೆಯಂತೆ ಬಿರುಸಾಗಿತ್ತು. ಹಸಿ ಉಣ್ಣೆಯ ವಾಸನೆ ಶೆಡ್ಡೆಲ್ಲ ಹರಡಿತು. ಅವರು ಅದನ್ನು ಬಿಸಿಲಿಗೆ ಒಯ್ದು ಗೋಡೆಯ ಮೇಲೆ ಹಾಕಿದರು.

ನಾನು ನೆಲದ ತಗಡಿಗೆ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿದೆ. ಚಾಲಕನ ಕಡೆ ಅದು ಕೆಲವು ಜಾಗದಲ್ಲಿ ನಿಂತಿತು, ಕೆಲವು ಜಾಗದಲ್ಲಿ ತೂರಿತು. ಎಡಗಡೆ, ಯಜಮಾನರ ಹೆಂಡತಿ ಕಾಲಿಡುತ್ತಿದ್ದ ಕಡೆ, ಎಲ್ಲಿ ಚುಚ್ಚಿದರೂ ತೂರಿತು. ಅಲ್ಲಿ ತಗಡೇ ಇರಲಿಲ್ಲ. ತಗಡಿನ ಆಕಾರದಲ್ಲಿ ಟಾರು ಉಳಿದಿತ್ತು, ಅಷ್ಟೆ.

ಯಜಮಾನರು ನನ್ನ ಬೆನ್ನ ಹಿಂದೆ ನಿಂತಿದ್ದರು.

"ನೀರು ಎಲ್ಲಿಂದ ಬಂತು ಮೇಸ್ತ್ರಿ?"

ನನಗೆ ಆಗಲೇ ಗೊತ್ತಾಗಿತ್ತು. ಅಷ್ಟು ವರ್ಷ, ಅಷ್ಟು ಜನರ ಒದ್ದೆ ಕಾಲು. ಉಣ್ಣೆ ಕುಡಿದ ನೀರು ಆರಲು ದಾರಿಯಿಲ್ಲ, ಕೆಳಗೆ ಟಾರು ಮುಚ್ಚಿಕೊಂಡಿದೆ. ಮಳೆಯಲ್ಲಿ ನಿಂತ ಗಾಡಿಯೂ ಬಿಸಿಲಿಗೆ ಒಣಗುತ್ತದೆ. ಇದಕ್ಕೆ ಒಳಗೇ ಮಳೆಗಾಲ. ಆದರೆ ಆ ಮಾತನ್ನು ಆ ಮುಖ ನೋಡಿಕೊಂಡು ಹೇಳಲು ನಾಲಿಗೆ ಏಳಲಿಲ್ಲ.

"ನೋಡಾಣ ಬಿಡ್ರಿ. ಗಾಡಿ ಇಲ್ಲೇ ಇರ್ಲಿ" ಎಂದೆ.

ಅವರು ಬಸ್ಸಿಗೆ ಹೋದರು. ಆ ಗಾಡಿ ಕೊಂಡ ಮೇಲೆ ಅವರು ಬಸ್ಸು ಹತ್ತಿದ್ದನ್ನು ನಾನು ನೋಡಿರಲಿಲ್ಲ.

ನೆಲದ ತಗಡು ಹೋದರೆ ಅಂಥ ಭಯವಿಲ್ಲ. ಹೊಸದು ಕತ್ತರಿಸಿ ಕೂರಿಸಬಹುದು. ನನ್ನ ಭಯ ಬೇರೆ ಇತ್ತು. ಈ ಗಾಡಿಯ ಮುಂಭಾಗದ ಭಾರ ಹೊರುವುದು ಸುರುಳಿ ಸ್ಪ್ರಿಂಗ್ ಅಲ್ಲ, ಟಾರ್ಷನ್ ಬಾರ್ ಎಂಬ ಎರಡು ಉದ್ದ ಉಕ್ಕಿನ ಸಲಾಕೆಗಳು. ಅವು ತಿರುಚಿಕೊಂಡು ಚಕ್ರವನ್ನು ಒತ್ತಿ ಹಿಡಿಯುತ್ತವೆ. ಅವುಗಳ ಹಿಂದಿನ ತುದಿ ಮುಂದಿನ ಸೀಟಿನ ಕೆಳಗೆ ಅಡ್ಡಲಾಗಿರುವ ತೊಲೆಗೆ ಸಿಕ್ಕಿಸಿರುತ್ತದೆ. ಟಾರು ಕೆರೆದು ನೋಡಿದೆ. ತೊಲೆಯ ಎಡಗಡೆಯ ಅರ್ಧ ಪದರ ಪದರವಾಗಿ ಕಿತ್ತು ಬಂತು. ಕುಯ್ ಎನ್ನುತ್ತಿದ್ದದ್ದು ಬುಷ್ ಆಗಿರಲಿಲ್ಲ. ಸಲಾಕೆಯೇ ತೊಲೆಯನ್ನು ತಿನ್ನುತ್ತಿತ್ತು.

ಅಂಥ ತೊಲೆ ಹೊಸದು ಸಿಗುವುದಿಲ್ಲ. ಹಳೆಯದನ್ನು ಹುಡುಕಬೇಕು. ಗುಜರಿಯವರನ್ನೆಲ್ಲ ಕೇಳಿದ ಮೇಲೆ ರಾಮಗಿರಿಯಲ್ಲಿ ಒಂದು ಅಂಬಾಸಡರಿನ ಹೆಣ ಬಿದ್ದಿದೆ ಎಂದು ಗೊತ್ತಾಯಿತು. ಗ್ಯಾಸ್ ಕಟರ್ ಕಟ್ಟಿಕೊಂಡು ಹೊಳಲ್ಕೆರೆ ಮೇಲೆ ಹೋದೆ. ಗಾಡಿ ಒಂದು ಹಳೇ ಗೋದಾಮಿನ ಹಿಂದೆ ಸೂರಿನ ಕೆಳಗೆ ಇತ್ತು. ಎಂಜಿನ್ ಇಲ್ಲ, ಬಾಗಿಲಿಲ್ಲ, ಸೀಟಿನಲ್ಲಿ ಕೋಳಿ ಕಾವು ಕೂತಿದೆ. ಕೋಳಿಯನ್ನು ಎಬ್ಬಿಸಿ, ಹುಲ್ಲು ಸರಿಸಿ, ನೆಲಕ್ಕೆ ಸುತ್ತಿಗೆಯಿಂದ ಬಡಿದೆ. ಠಣ್ ಎಂದಿತು. ಇನ್ನೊಂದು ಕಡೆ ಬಡಿದೆ. ಅಲ್ಲೂ ಠಣ್. ಕಂಪನಿಯ ಬಣ್ಣ ಕೂಡ ಮಾಸಿರಲಿಲ್ಲ.

ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಯಾರೂ ಪ್ರೀತಿ ಮಾಡದ ಗಾಡಿಯದು. ಅದರ ಮಾಲೀಕ ಸೆಗಣಿ ಮೆತ್ತಿದ ಚಪ್ಪಲಿಯಲ್ಲಿ ಹತ್ತಿ ಇಳಿದಿರಬೇಕು, ಬೀಡಿ ತುಂಡು ಒಳಗೇ ಎಸೆದಿರಬೇಕು. ಅದರ ನೆಲ ಗಟ್ಟಿಯಾಗಿದೆ. ದೇವರ ಗದ್ದಿಗೆಯಂತೆ ನೋಡಿಕೊಂಡದ್ದು ಕೊಳೆತಿದೆ. ನನಗೆ ಯಾರ ಮೇಲೋ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಕೋಳಿಯನ್ನೇ ಬೈದೆ.

ತೊಲೆಯನ್ನು ಸುತ್ತಲಿನ ತಗಡಿನ ಸಮೇತ ಕತ್ತರಿಸಿ ತಂದೆ. ಯಜಮಾನರ ಗಾಡಿಯ ಸೀಟು ಬಿಚ್ಚಿ, ಸಲಾಕೆಗಳ ಬಿಗಿ ಇಳಿಸಿ, ನಾಲ್ಕೂ ಮೂಲೆಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದೆ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ರಾಮಗಿರಿಯ ತೊಲೆಯನ್ನು ಜೋಡಿಸಿ ಗ್ಯಾಸ್ ಹಚ್ಚಿದೆ. ರಾಮಗಿರಿಯ ಕಬ್ಬಿಣ ಬೆಸುಗೆ ಹಿಡಿಯಿತು, ಇಲ್ಲಿಯದು ಹಿಡಿಯಲಿಲ್ಲ. ಬೆಂಕಿ ತಾಗಿದ ಕಡೆಯೆಲ್ಲ ಹಳೆಯ ತಗಡು ಕರಗಿ ಹಿಂದೆ ಸರಿಯಿತು. ಗಟ್ಟಿ ಜಾಗ ಸಿಗುವ ತನಕ ಕತ್ತರಿಸೋಣ ಎಂದು ಮುಂದುವರಿದೆ. ಇವತ್ತು ಸಿಗುತ್ತದೆ, ನಾಳೆ ಸಿಗುತ್ತದೆ ಎಂದು ಕತ್ತರಿಸುತ್ತಾ ಹೋಗಿ ಕೊನೆಗೆ ಎರಡು ಬಾಗಿಲ ನಡುವಿನ ಕಂಬದ ಬುಡಕ್ಕೆ ಬಂದೆ. ಕಂಬದ ಬುಡವೂ ಪುಡಿಪುಡಿ. ಅದನ್ನು ಕತ್ತರಿಸಿದರೆ ಮೇಲಿನ ಛಾವಣಿಯನ್ನು ಹಿಡಿಯುವವರಿಲ್ಲ.

ಆದರೂ ಮನಸ್ಸು ಕೇಳಲಿಲ್ಲ. ಹಿಡಿದಷ್ಟು ಬೆಸುಗೆ ಹಿಡಿಯಲಿ ಎಂದು ಅಲ್ಲಲ್ಲಿ ಪಟ್ಟಿ ಕೊಟ್ಟು, ದಿಮ್ಮಿಗಳನ್ನು ಒಂದೊಂದಾಗಿ ಸಡಿಲಿಸಿದೆ. ಗಾಡಿ ತನ್ನ ಭಾರದ ಮೇಲೆ ತಾನು ಕೂತಿತು. ಎದ್ದು ಹೋಗಿ ಮುಂದಿನ ಎಡ ಬಾಗಿಲನ್ನು ಬೆರಳಲ್ಲಿ ಎಳೆದೆ. ಕೂರಲಿಲ್ಲ. ಜೋರಾಗಿ ದಬ್ಬಿದೆ. ಚಿಲಕದ ಗೂಟ ಒಂದು ಬೆರಳಿನಷ್ಟು ಮೇಲಿತ್ತು, ಬಾಗಿಲು ಕೆಳಗಿತ್ತು. ಇಡೀ ಮೈ ನಡುವಿನಲ್ಲಿ ಬಗ್ಗಿತ್ತು. ತಳ್ಳಿದ ಬಾಗಿಲು ತಿರುಗಿ ತಿರುಗಿ ನನ್ನ ಕಡೆಗೇ ತೆರೆದುಕೊಂಡು ಬಂತು.

ನಾನು ಎಷ್ಟೋ ಅಪಘಾತದ ಗಾಡಿಗಳನ್ನು ನೋಡಿದವನು. ರಕ್ತ ಒಣಗಿದ ಸೀಟನ್ನೂ ಬಿಚ್ಚಿದ್ದೇನೆ. ಆದರೆ ಆ ಬಾಗಿಲ ಮುಂದೆ ನನಗೆ ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ.

ಯಜಮಾನರ ಮಗ ಸಂಜೆ ಗೂಡ್ಸ್ ಗಾಡಿ ನಿಲ್ಲಿಸಿ ಬಂದ. ಮಾತು ಕಡಿಮೆಯ ಹುಡುಗನಾಗಿದ್ದವನು ಈಗ ಎರಡು ಮಕ್ಕಳ ತಂದೆ. ಎಲ್ಲ ನೋಡಿದ, ಗೋಡೆಯ ಮೇಲಿನ ಕಂಬಳಿಯನ್ನೂ ತಿರುವಿ ನೋಡಿದ.

"ಮೇಲೊಂದು ತಗಡು ಬಡಿದು ಟಾರು ಬಳಿದು ಕೊಡ್ರಣ್ಣ. ಇನ್‌ಸ್ಪೆಕ್ಟರ್ ಏನು ಕೆರೆದು ನೋಡ್ತಾನಾ? ಊರಾಗೇ ಓಡಿಸ್ಕಂಡು ಇರ್ಲಿ."

"ನಿಮ್ಮಪ್ಪ ಊರಾಗೇ ಓಡಿಸ್ತಾರೇನಪ್ಪ?"

ಅವನು ತಲೆ ತಗ್ಗಿಸಿದ. "ಅಮ್ಮ ಹೋದ ಮ್ಯಾಲೆ ಅಪ್ಪ ಮನುಷ್ಯರ ಜೊತೆ ಮಾತಾಡಾದೇ ಕಡಿಮೆ ಮಾಡೈತಣ್ಣ. ಬೆಳಿಗ್ಗೆ ಎದ್ದು ಗಾಡಿ ಒರೆಸ್ತೈತೆ, ಸ್ಟಾರ್ಟ್ ಮಾಡಿ ಕುಂತ್ಕಂತೈತೆ. ಗಾಡಿ ಹೋದ್ರೆ ಅಪ್ಪನ್ನ ನಾವು ಉಳಿಸ್ಕಳಾಕೆ ಆಗಲ್ಲ."

ಬಳಿದು ಕೊಡುವುದು ನನಗೆ ಕಷ್ಟವಲ್ಲ. ಅಂಥ ಕೆಲಸ ಮಾಡುವವರು ಹೆದ್ದಾರಿಯುದ್ದಕ್ಕೂ ಇದ್ದಾರೆ. ಇನ್‌ಸ್ಪೆಕ್ಟರ್ ಕಣ್ಣಿಗೆ ಮಣ್ಣೆರಚಬಹುದು, ರಸ್ತೆಯ ಕಣ್ಣಿಗೆ ಎರಚಲಾಗುವುದಿಲ್ಲ. ಆ ಸಲಾಕೆ ತೊಲೆಯಿಂದ ಕಿತ್ತು ಬಂದರೆ ಗಾಡಿಯ ಮೂಗು ನೆಲಕ್ಕೆ ಬೀಳುತ್ತದೆ, ಸ್ಟೀರಿಂಗ್ ಕೈಗೆ ಸಿಗುವುದಿಲ್ಲ. ಹಿಂದಿನ ಸೀಟಿನಲ್ಲಿ ಈ ಹುಡುಗನ ಮಕ್ಕಳೇ ಇರಬಹುದು. ಕೈಯಲ್ಲಿದ್ದ ಬೆಸುಗೆಯ ಟಾರ್ಚನ್ನು ಕೆಳಗಿಟ್ಟೆ.

"ಆಗಲ್ಲಪ್ಪ. ಇದು ಇನ್ನು ರಸ್ತೆಗೆ ಇಳಿಯಲ್ಲ."

ಹೋಗುವಾಗ ಅವನು ಒಂದನ್ನೇ ಕೇಳಿಕೊಂಡ. "ಅಪ್ಪಗೆ ನೀವೇ ಹೇಳ್ರಿ. ಆದ್ರೆ ಕಾಲು ತೊಳೆದ ನೀರು ಅಂತ ಹೇಳ್ಬ್ಯಾಡ್ರಿ ಅಣ್ಣ. ಅದು ಅಮ್ಮನ ಮ್ಯಾಲೆ ಬರ್ತೈತೆ. ಇನ್ನು ಆಕೆ ಮ್ಯಾಲೆ ಅದೊಂದು ಬ್ಯಾಡ."

ನಾನು ಒಪ್ಪಿದೆ. ಯಾವ ಸುಳ್ಳು ಹೇಳಬೇಕೆಂದು ಯೋಚಿಸಿಯೂ ಇಟ್ಟುಕೊಂಡೆ.

ಯಜಮಾನರು ಬಸ್ಸಿಳಿದು ನಡೆದು ಬಂದರು. ತಲೆಗೆ ಟವೆಲ್ ಸುತ್ತಿದ್ದರು. ಕೂರಲು ಡಬ್ಬ ಕೊಟ್ಟರೆ ಕೂರಲಿಲ್ಲ. ನೇರ ಗಾಡಿಯ ಎಡಗಡೆಗೆ ಹೋಗಿ ಬಾಗಿಲನ್ನು ಬೆರಳಲ್ಲಿ ಎಳೆದರು. ಅದು ಬಂದು ಬಡಿದು ಮತ್ತೆ ತೆರೆದುಕೊಂಡಿತು. ಇನ್ನೊಮ್ಮೆ ಎಳೆಯಲಿಲ್ಲ. ಬಾಗಿಲನ್ನು ಮೆಲ್ಲಗೆ ತಂದು ಒರಗಿಸಿ, ಕೈಯಿಂದ ಹಿಡಿದುಕೊಂಡೇ ನಿಂತರು. ನಾನು ಏನನ್ನೂ ಹೇಳಬೇಕಾಗಲಿಲ್ಲ.

"ಎಂಜಿನ್ ಚೆನ್ನಾಗೈತಲ್ಲ ಮೇಸ್ತ್ರಿ?"

"ಎಂಜಿನ್‌ಗೆ ಏನೂ ಆಗಿಲ್ಲ ಯಜಮಾನ್ರೇ. ಗೇರ್ ಬಾಕ್ಸೂ ಅಷ್ಟೆ."

"ಹೊಸದುರ್ಗದಾಗೆ ಒಬ್ಬ ಇನ್ನೂ ಅಂಬಾಸಡರ್ ಬಾಡಿಗೆ ಓಡಿಸ್ತಾನಲ್ಲ, ಅವನಿಗೆ ಕೊಡ್ರಿ. ಬಾಗಿಲೂ ಕೊಡ್ರಿ. ಓಡಾದು ಓಡ್ಲಿ."

ಸರಿ ಎಂದೆ. ಇಷ್ಟಕ್ಕೇ ಮುಗಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮುಗಿಯಲಿಲ್ಲ.

"ನೀರು ಎಲ್ಲಿಂದ ಬಂತು ಅಂತ ಹೇಳ್ಲೇ ಇಲ್ಲ ನೀವು."

"ತಪ್ಪು ನಂದೇ ಯಜಮಾನ್ರೇ" ಎಂದೆ. "ಆವತ್ತು ಗಾಜಿನ ಸುತ್ತ ರಬ್ಬರ್ ಹಾಕಿದ್ನಲ್ಲ, ಅದು ಸರಿಯಾಗಿ ಕೂತಿಲ್ಲ. ಮಳೆ ನೀರು ಗಾಜಿನ ಸಂದಿಯಿಂದ ಇಳಿದು ಮುಂದಗಡೆ ಕೆಳಗೆ ನಿಂತೈತೆ. ನಾನು ನೋಡ್ಕಳಲಿಲ್ಲ."

ಅವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಒಂಚೂರು ನಗು ಕಂಡಿತು.

"ಮೇಸ್ತ್ರಿ, ನೀವು ರಬ್ಬರ್ ಹಾಕಿದ್ದು ಹಿಂದಿನ ಗಾಜಿಗೆ. ಮುಂದಿನ ಗಾಜು ಬಂದಾಗಿನಿಂದ ಯಾರೂ ಮುಟ್ಟಿಲ್ಲ. ನನ್ ಮಗ ಹೇಳ್ಕೊಟ್ನಾ?"

ಹೌದೆಂದು ತಲೆಯಾಡಿಸಿದೆ.

"ಕಂಬಳಿ ಎತ್ತಿದಾಗ್ಲೇ ಗೊತ್ತಾತು ಬಿಡ್ರಿ. ಬಸ್ಸಿನಾಗೆ ಕುಂತು ಅದೇ ಯೋಚ್ನೆ ಮಾಡ್ಕಂಡು ಹೋದೆ. ನಮ್ಮಾಕೆ ಮ್ಯಾಲೆ ನಂಗೇನು ಸಿಟ್ಟಿಲ್ಲ. ಗಾಡಿ ಇಷ್ಟು ವರ್ಷ ಸುಖ ಕೊಡ್ತು. ನಾವೂ ಅದನ್ನ ಚೆನ್ನಾಗಿ ನೋಡ್ಕಂಡ್ವಿ. ತೊಳೆದಿದ್ದು ತಪ್ಪಲ್ಲ ಮೇಸ್ತ್ರಿ. ತೊಳ್ಕಂಡು ಒರೆಸ್ಕಂಡು ಹತ್ತಬೇಕು ಅಂತ ನಮ್ಮ ಮನ್ಯಾಗೆ ಒಬ್ರಿಗೂ ಹೊಳೀಲಿಲ್ಲ ನೋಡ್ರಿ, ಅದು ತಪ್ಪು."

ಅವರು ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಬಾಗಿಲನ್ನು ಹಿಡಿದಿದ್ದ ಇನ್ನೊಂದು ಕೈಯನ್ನು ಬಿಡಲಿಲ್ಲ. ಮುಂದಿನ ಮಾತನ್ನು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ.

"ಆಕೇನ ದುರ್ಗದ ಜಿಲ್ಲಾ ಆಸ್ಪತ್ರೆಗೆ ಕರ್ಕಂಡು ಹೋದ ದಿನ ನಿಲ್ಲಾಕೂ ಆಗ್ತಿರಲಿಲ್ಲ. ನಾನೂ ಮಗನೂ ಎತ್ಕಂಡು ಬಂದ್ವಿ. ಬಾಗಿಲ ಹತ್ರ ಬಂದ ತಕ್ಷಣ, ಕಾಲಿಗೆ ನೀರು ಹಾಕು ಅಂದ್ಲು. ಅಂಥ ಹೊತ್ನಾಗೂ ಬಿಡ್ಲಿಲ್ಲ. ನಾನೇ ಬಗ್ಗಿ ಹಾಕ್ದೆ. ಕೈಯಾರೆ ತೊಳೆದೆ. ಚಳಿ ದಿನ. ಹಿರಿಯೂರು ದಾಟಿದ ಮ್ಯಾಲೆ, ಕಾಲು ತಣ್ಣಗಾಗೈತೆ ಕಣ್ರಿ ಅಂದ್ಲು. ಗಾಳಿ ಬರ್ತೈತೇನೋ ಅಂತ ನಾನು ಗಾಜು ಏರಿಸಿದೆ ಮೇಸ್ತ್ರಿ. ದುರ್ಗ ಮುಟ್ಟೋ ತನಕ ಒದ್ದೆ ಕಾಲಾಗೇ ಇದ್ಲು. ಗಾಜು ಏರಿಸಿದೆ, ಅಷ್ಟೆ."